ಮಾವ ಗೋಡೆಗೆ ನೀರು ಬಳಿದ ಎರಡು ತಿಂಗಳು

ನನ್ನ ಮಾವ ನಲವತ್ತು ವರ್ಷ ಏಣಿ ಹತ್ತಿ ಇಳಿದವರು. ಶಾಲೆ, ಆಸ್ಪತ್ರೆ, ಸಿನಿಮಾ ಮಂದಿರ, ಹೊಸದಾಗಿ ಸಂಸಾರ ಹೂಡುವವರ ಎರಡು ಕೋಣೆಯ ಮನೆ, ಎಲ್ಲಕ್ಕೂ ಬಣ್ಣ ಹೊಡೆದಿದ್ದಾರೆ. ಮೂರನೇ ಮಹಡಿಯ ಹೊರಗೋಡೆಗೆ ಹಗ್ಗದಲ್ಲಿ ಜೋತುಬಿದ್ದು ಕೆಲಸ ಮಾಡಿದ್ದೂ ಉಂಟು. ಒಮ್ಮೆಯೂ ಬಿದ್ದವರಲ್ಲ. ಅಂಥವರು ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ನಮ್ಮ ಬಚ್ಚಲ ಬಾಗಿಲಲ್ಲಿ, ಸಮತಟ್ಟು ನೆಲದ ಮೇಲೆ ಬಿದ್ದರು. ಹದಿನೆಂಟು ದಿನ ಬಿಟ್ಟು ಮಂಚದ ಪಕ್ಕ ಇನ್ನೊಮ್ಮೆ. ಹುಬ್ಬಿಗೆ ನಾಲ್ಕು ಹೊಲಿಗೆ ಹಾಕಿಸಬೇಕಾಯಿತು.

ಮರೆವಿನ ಕಾಯಿಲೆ ಅವರಿಗೆ ಅಂಟಿಕೊಂಡು ಮೂರು ವರ್ಷವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು, ಆಮೇಲೆ ನಾನು. ಈಗ ನಾನು ಅವರನ್ನು ಕೆಲಸಕ್ಕೆ ಕರೆಸಿದ ಮನೆಯ ಯಜಮಾನಿ. 'ಅಮ್ಮಾವ್ರೇ' ಎಂದೇ ಕರೆಯುತ್ತಾರೆ. ಸೊಸೆಗೆ ಇಷ್ಟು ಮರ್ಯಾದೆ ಬೇರೆ ಯಾವ ಮನೆಯಲ್ಲಿದೆ ಎಂದು ನನ್ನ ಗಂಡ ರೇಗಿಸುತ್ತಾರೆ. ಈ ಕಾಯಿಲೆಯಲ್ಲಿ ತಲೆಯ ಜೊತೆ ಕಾಲೂ ತನ್ನ ಕೆಲಸ ಮರೆಯುತ್ತದೆ ಎಂದು ಡಾಕ್ಟರು ಹೇಳಿದ್ದು ಹೊಲಿಗೆ ಹಾಕಿದ ದಿನ. ಅದುವರೆಗೆ ನಮಗೆ ಅದು ಹೊಳೆದೇ ಇರಲಿಲ್ಲ.

ಮರುದಿನವೇ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಗಾಲಿಕುರ್ಚಿ ಹಿಡಿದು ಬಂದರು. ಅದಕ್ಕೆ ಸೊಂಟಕ್ಕೆ ಬಿಗಿಯುವ ಬೆಲ್ಟೂ ಇತ್ತು. ಅತ್ತಿಗೆ ಕೆಟ್ಟವರಲ್ಲ, ಹೆದರಿದವರು. ಅವರ ಅತ್ತೆ ಸೊಂಟ ಮುರಿದುಕೊಂಡು ಮಲಗಿದವರು ಮತ್ತೆ ಏಳಲಿಲ್ಲ. ಅಪ್ಪನನ್ನು ಕೂರಿಸಿ, ಬೆಲ್ಟು ಬಿಗಿದು, ನನ್ನತ್ತ ತಿರುಗಿದರು.

"ಕೂತಿದ್ರೆ ಬೀಳಲ್ಲ ಕಣೇ. ನನಗೆ ಗೊತ್ತಿರೋದು ಅಷ್ಟೇ."

"ಕೂತೇ ಇದ್ರೆ ಏಳೋದೇ ಮರ್ತುಹೋಗುತ್ತೆ ಅತ್ತಿಗೆ. ಎರಡು ತಿಂಗಳು ಕೊಡಿ ನನಗೆ."

ಮಾವ ಅಷ್ಟರಲ್ಲಿ ಬೆಲ್ಟಿನ ಕೊಂಡಿಯನ್ನು ಎಲ್ಲ ಕಡೆಯಿಂದ ಎಳೆದು ನೋಡಿದ್ದರು. ಬಿಡಲಿಲ್ಲ. "ಅಮ್ಮಾವ್ರೇ, ಇದನ್ನ ಬಿಚ್ಚಿಸಿ. ಕೆಲಸ ಇದೆ ನನಗೆ," ಎಂದರು, ಬಹಳ ವಿನಯದಿಂದ. ಅತ್ತಿಗೆ ಮುಖ ತಿರುಗಿಸಿಕೊಂಡು ಬಿಚ್ಚಿದರು. ಕೊನೆಗೆ ಒಂದು ಒಪ್ಪಂದವಾಯಿತು. ಎರಡು ತಿಂಗಳಾದ ಮೇಲೆ ಡಾಕ್ಟರು ಪರೀಕ್ಷೆ ಮಾಡಲಿ. ನಡುವೆ ಒಂದು ಸಲ ಬಿದ್ದರೂ ಕುರ್ಚಿ, ಬೆಲ್ಟು, ಎರಡೂ ಖಾಯಂ.

ಡಾಕ್ಟರ ಕೋಣೆಯ ಪಕ್ಕದಲ್ಲೇ ವ್ಯಾಯಾಮ ಹೇಳಿಕೊಡುವ ಮೇಡಂ ಇದ್ದರು. ಕುರ್ಚಿಯಿಂದ ಎದ್ದು, ಮೂರು ಮೀಟರ್ ದೂರದ ಕೆಂಪು ಪಟ್ಟಿಯವರೆಗೆ ನಡೆದು, ತಿರುಗಿ ಬಂದು ಕೂರಬೇಕು. ಇದೇ ಪರೀಕ್ಷೆ. ಮಾವನಿಗೆ ಇಪ್ಪತ್ತೇಳು ಸೆಕೆಂಡು ಹಿಡಿಯಿತು. ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತೆ ಇತ್ತು. ಮೇಡಂ ಒಂದು ಹಾಳೆ ಕೊಟ್ಟರು: ಎದ್ದು ಕೂರುವುದು, ಹಿಮ್ಮಡಿ ಎತ್ತುವುದು, ಪಕ್ಕಕ್ಕೆ ಹೆಜ್ಜೆ, ಒಂಟಿಕಾಲಲ್ಲಿ ನಿಲ್ಲುವುದು. ದಿನಾ ಒಂದೇ ಹೊತ್ತು, ಒಂದೇ ಜಾಗ. ಮಾತು ಕಡಿಮೆ, ಮಾಡಿ ತೋರಿಸುವುದು ಹೆಚ್ಚು. ನನ್ನ ಕೈ ಸದಾ ಅವರ ಬೆನ್ನ ಹಿಂದೆ ಒಂದು ಗೇಣಿನಷ್ಟು ಹತ್ತಿರ ಇರಬೇಕು, ಆದರೆ ಹಿಡಿಯಬಾರದು.

ಮೊದಲ ವಾರ ನಾನೊಬ್ಬಳೇ ವ್ಯಾಯಾಮ ಮಾಡಿದೆ. ಮಾವ ಮನೆಯ ಮರದ ಕುರ್ಚಿಯಲ್ಲಿ ಕೂತು ನನ್ನನ್ನು ಕನಿಕರದಿಂದ ನೋಡಿದರು. ಎರಡು ಸಲ ಎಬ್ಬಿಸಿ ಕೂರಿಸಿದ್ದಕ್ಕೆ ಮೂರನೆಯ ಸಲ ಕೈ ಕಟ್ಟಿಕೊಂಡುಬಿಟ್ಟರು.

"ಕೂತೋನನ್ನ ಏಳು ಅಂತೀರಿ, ಎದ್ರೆ ಕೂತ್ಕೋ ಅಂತೀರಿ. ಮೊದ್ಲು ನೀವು ಒಂದು ತೀರ್ಮಾನಕ್ಕೆ ಬನ್ನಿ ಅಮ್ಮಾವ್ರೇ."

ಮಾತು ನ್ಯಾಯವಾಗಿಯೇ ಇತ್ತು. ಕಾರಣವಿಲ್ಲದೆ ಎದ್ದು ಕೂರಲು ಅವರೇನು ಸ್ಪ್ರಿಂಗೇ?

ಒಂಬತ್ತನೇ ದಿನ ನನ್ನ ಮೂರು ವರ್ಷದ ಮಗಳು ಹಜಾರದ ಗೋಡೆಗೆ ಮೇಣದ ಬಣ್ಣದಲ್ಲಿ ಗೀಚಿಟ್ಟಳು. ಅವಳನ್ನು ಗದರಿ, ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜತೊಡಗಿದೆ. ಹಿಂದಿನಿಂದ ಕುರ್ಚಿ ಕಿರುಗುಟ್ಟಿತು. ಮಾವ ಯಾರೂ ಹೇಳದೆ ಎದ್ದಿದ್ದರು. ಹಾಗೆ ಉಜ್ಜಿದರೆ ಕಲೆ ಹರಡುತ್ತದೆ ಎಂದು ಬಟ್ಟೆ ಕಿತ್ತುಕೊಂಡರು. ಗೀಚಿದ್ದೆಲ್ಲ ಮಂಡಿಯ ಎತ್ತರದಲ್ಲಿ. ಗೋಡೆಗೆ ಒಂದು ಕೈ ಕೊಟ್ಟು ಕುಕ್ಕರಗಾಲಲ್ಲಿ ಕೂತರು, ಉಜ್ಜಿದರು, ಎದ್ದು ದೂರದಿಂದ ನೋಡಿದರು, ಮತ್ತೆ ಕೂತರು. ನನ್ನ ಕೈ ಅವರ ಬೆನ್ನ ಹಿಂದೆಯೇ ಇತ್ತು. ಏಳು ಸಲ ಎದ್ದು ಕೂತರು. ಹಾಳೆಯಲ್ಲಿ ಬರೆದಿದ್ದು ಐದು ಸಲ.

ಅವತ್ತು ಸಂಜೆಯೇ ನಾಲ್ಕಂಗುಲದ ಬ್ರಷ್ಷು, ಒಂದು ಸಣ್ಣ ಡಬ್ಬ ತಂದೆ. ಡಬ್ಬದಲ್ಲಿ ಬರೀ ನೀರು. ಬೆಳಗ್ಗೆ ಒಂಬತ್ತಕ್ಕೆ ಮುಂದೆ ಇಟ್ಟು, ಈ ಗೋಡೆ ಇವತ್ತು ಮುಗಿಸಿಕೊಡಬೇಕು ಮೇಸ್ತ್ರಿ ಎಂದೆ. ಬೇರೆ ಮಾತೇ ಬೇಕಾಗಲಿಲ್ಲ. ಮೇಲಿನ ಸಾಲಿಗೆ ಹಿಮ್ಮಡಿ ಎತ್ತಿದರು, ಕೆಳಗಿನ ಅಂಚಿಗೆ ಕೂತು ಎದ್ದರು. ಇನ್ನೊಂದು ಅಭ್ಯಾಸ ನಾನು ಕಂಡೇ ಇರಲಿಲ್ಲ. ಡಬ್ಬವನ್ನು ಅವರು ಕೈಯಿಂದ ಎತ್ತಿಡುವುದಿಲ್ಲ. ಬ್ರಷ್ಷು ಗೋಡೆಯ ಮೇಲಿರುವಾಗಲೇ ಒಂಟಿಕಾಲಲ್ಲಿ ನಿಂತು ಇನ್ನೊಂದು ಪಾದದಿಂದ ಡಬ್ಬವನ್ನು ಪಕ್ಕಕ್ಕೆ ದೂಡಿ, ತಾವೂ ಸರಿಯುತ್ತಾರೆ. ಮೇಡಂಗೆ ಫೋನಿನಲ್ಲಿ ವಿಡಿಯೋ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿ, ನನ್ನ ಹಾಳೆ ಹರಿದುಹಾಕಿ, ಇವರು ನನಗಿಂತ ಚೆನ್ನಾಗಿ ಬರೆದಿದ್ದಾರೆ ಎಂದರು. ಆದರೆ ಮರುಕ್ಷಣವೇ ದನಿ ಗಟ್ಟಿಯಾಯಿತು.

"ನೆಲ ನೋಡಿದ್ರಾ? ಬೀಳದ ಹಾಗೆ ಮಾಡೋ ವ್ಯಾಯಾಮಕ್ಕೆ ನೆಲವನ್ನೇ ಒದ್ದೆ ಮಾಡಿದ್ದೀರಲ್ಲ."

ನೋಡಿದೆ. ಗೋಡೆಯುದ್ದಕ್ಕೂ ನೀರು ತೊಟ್ಟಿಕ್ಕಿ ಹೊಳೆಯುತ್ತಿತ್ತು. ಓಡಿಹೋಗಿ ಬಟ್ಟೆ ತಂದು ಒರೆಸಿದೆ. ಮರುದಿನ ಡಬ್ಬ ಖಾಲಿ ಇಟ್ಟೆ. ಒಣ ಬ್ರಷ್ಷಿನಲ್ಲಿ ಕೆಲಸ ಮಾಡುವವನನ್ನು ಬೇರೆ ಕಡೆ ಹುಡುಕಿಕೊಳ್ಳಿ ಎಂದು ಮಾವ ಬ್ರಷ್ಷು ಕೆಳಗಿಟ್ಟರು. ಹಾಗಾಗಿ ಕೆಲಸ ಹೊರಗಿನ ಕಾಂಪೌಂಡ್ ಗೋಡೆಗೆ ಹೋಯಿತು. ಅಲ್ಲಿ ಒರಟು ಸಿಮೆಂಟ್ ನೆಲ, ಬೆಳಗಿನ ಬಿಸಿಲು. ಹಿಮ್ಮಡಿ ಹಿಡಿಯುವ ಶೂ ತೊಡಿಸಿದೆ. ಏಣಿ ಕೇಳಿದಾಗಲೆಲ್ಲ ಅದು ಇನ್ನೊಂದು ಕೆಲಸಕ್ಕೆ ಹೋಗಿದೆ ಎಂದೆ.

ಬಿಸಿಲಿಗೆ ಗೋಡೆ ಅರ್ಧ ಗಂಟೆಯಲ್ಲಿ ಒಣಗುತ್ತಿತ್ತು. ಆ ತುದಿ ಮುಟ್ಟಿ ತಿರುಗಿ ನೋಡಿದರೆ ಈ ತುದಿಯಲ್ಲಿ ಬಣ್ಣವೇ ಇಲ್ಲ. ಮಾವನಿಗೆ ಸಿಟ್ಟು ಬರುತ್ತಿದ್ದದ್ದು ನನ್ನ ಮೇಲಲ್ಲ, ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಮೇಲೆ. ಅಗ್ಗದ ಮಾಲು ತಂದಿದ್ದೀರಿ ಎಂದು ಬೈದು ಎರಡನೇ ಕೋಟು ಶುರುಮಾಡುತ್ತಿದ್ದರು. ಎದುರು ಮನೆಯ ನಿವೃತ್ತ ಮೇಷ್ಟ್ರು ದಿನಾ ಪೇಪರ್ ಹಿಡಿದು ಬಂದು ಎಷ್ಟನೇ ಕೋಟು ಎಂದು ವಿಚಾರಿಸುವರು. ಗೋಡೆ ಇನ್ನೂ ಕುಡೀತಾ ಇದೆ ಸಾರ್ ಎಂದು ಇವರು ಉತ್ತರ ಕೊಡುವರು. ಈ ಗೋಡೆಯಷ್ಟು ಕುಡಿದವರನ್ನು ನಾನು ಕಂಡಿಲ್ಲ ಎಂದು ಮೇಷ್ಟ್ರು ನಗುವರು.

ಮುದುಕರಿಗೆ ನೀರು ಕೊಟ್ಟು ಮೋಸ ಮಾಡುತ್ತಿದ್ದೇನೆಯೇ ಎಂಬ ಅಳುಕು ನನಗಿತ್ತು. ನಾನು ಬರೆದಿಡುವ ಡೈರಿಯಲ್ಲಿ ಎರಡು ಪುಟ ಅದೇ ಇದೆ. ಆದರೆ ಕೆಲಸ ಮುಗಿಸಿ ಬ್ರಷ್ಷು ತೊಳೆದು, ಅದರ ಕೂದಲು ನೀವಿ ನೇರ ಮಾಡಿ, ಟೀ ಕೇಳುವಾಗಿನ ಅವರ ಮುಖ ಮೋಸಹೋದವರ ಮುಖವಲ್ಲ. ಹಾಗೆಂದು ಎಲ್ಲ ದಿನವೂ ಹೀಗೆಯೇ ಇರಲಿಲ್ಲ. ಒಂದು ದಿನ ಡಬ್ಬ ಒದ್ದು ಒಳಗೆ ಹೋದರು. ಐದನೇ ವಾರ ಜ್ವರ ಬಂದು ಆರು ದಿನ ಮಲಗಿದರು. ಎದ್ದಾಗ ಕಾಲು ಮತ್ತೆ ನಡುಗುತ್ತಿತ್ತು. ಕುರ್ಚಿಯಿಂದ ಎರಡು ಸಲ ಏಳುವುದರಿಂದ ಪುನಃ ಆರಂಭಿಸಿದೆವು.

ಎರಡು ತಿಂಗಳು ಬೀಳದೆ ಮುಗಿಯಿತು. ಪರೀಕ್ಷೆಯ ದಿನ ಅತ್ತಿಗೆ ತಮ್ಮ ಕಾರಿನಲ್ಲಿ ಕರೆದೊಯ್ದರು. ಗಾಲಿಕುರ್ಚಿಯನ್ನೂ ಹಿಂದೆ ಮಡಚಿ ಹಾಕಿಕೊಂಡು ಬಂದು, ಕ್ಲಿನಿಕ್ಕಿನ ಜಗಲಿಯಲ್ಲಿ ಬಿಡಿಸಿ ಸಿದ್ಧವಾಗಿ ನಿಲ್ಲಿಸಿದರು. ನಾನು ಅದನ್ನು ಕಂಡೂ ಕಾಣದಂತೆ ಒಳಗೆ ನಡೆದೆ.

ಹದಿನೆಂಟು ಸೆಕೆಂಡು. ತಿರುಗುವಾಗ ಕಾಲು ಅಂಟಲಿಲ್ಲ. ನಾನು ಮೇಡಂ ಮುಖ ನೋಡಿದೆ, ಮೇಡಂ ನಕ್ಕರು. ಅತ್ತಿಗೆ ನಗಲಿಲ್ಲ. ಹಾಗಾದರೆ ಇನ್ನು ಬೀಳುವುದಿಲ್ಲ ತಾನೇ ಎಂದು ಡಾಕ್ಟರನ್ನೇ ಕೇಳಿದರು. ಡಾಕ್ಟರು ಸುಳ್ಳು ಹೇಳುವವರಲ್ಲ. ಅಪಾಯ ಕಡಿಮೆಯಾಗಿದೆ, ಹೋಗಿಲ್ಲ ಎಂದರು. ಅತ್ತಿಗೆ ಕೈಚೀಲವನ್ನು ಎದೆಗೆ ಒತ್ತಿಕೊಂಡು ಎದ್ದರು. ಕುರ್ಚಿಯೇ ಸರಿ ಎಂದು ಅವರ ತೀರ್ಮಾನವಾಗಿತ್ತು.

ಮಾವ ಮುಂದೆ, ನಾನು ಹಿಂದೆ, ಅತ್ತಿಗೆ ಪಕ್ಕದಲ್ಲಿ, ಮೂವರೂ ಜಗಲಿಗೆ ಬಂದೆವು. ಬಾಗಿಲ ಬಳಿಯ ಕಾಲೊರಸಿನ ಅಂಚು ಮಡಚಿಕೊಂಡಿತ್ತು. ಮಾವನ ಶೂ ಅದಕ್ಕೆ ಸಿಕ್ಕಿತು. ಮೈ ಪೂರ್ತಿ ಮುಂದಕ್ಕೆ ವಾಲಿತು. ಅತ್ತಿಗೆ "ಅಪ್ಪಾ" ಎಂದದ್ದು ಕೇಳಿತು. ನನ್ನ ಕೈ ಮುಂದೆ ಹೋಗುವಷ್ಟರಲ್ಲಿ ಅವರ ಬಲಗಾಲು ಒಂದು ಹೆಜ್ಜೆ ಮುಂದೆ ಬಿತ್ತು, ಎಡಗಾಲು ಪಕ್ಕಕ್ಕೆ ಒಂದು, ಅಂಗೈ ಗೋಡೆಗೆ. ನಿಂತರು. ಮೂರು ಹೆಜ್ಜೆಯ ಜಾಗದಲ್ಲಿ ನಡೆದದ್ದು ಇಷ್ಟೇ. ನೆಟ್ಟಗಾಗಿ ತಿರುಗಿ, ಕೆಲಸದ ಜಾಗದಲ್ಲಿ ಇದನ್ನು ಹೀಗೆ ಹಾಸಿದರೆ ಯಾರಾದರೂ ಬೀಳುವುದಿಲ್ಲವೇ ಎಂದು ಅಲ್ಲಿ ಗುಡಿಸುತ್ತಿದ್ದವಳನ್ನು ಗದರಿದರು.

ಮಾವ ನಿಂತೇ ಇದ್ದರು. ನಿಲ್ಲಲಾಗದೆ ಹೋದದ್ದು ಅತ್ತಿಗೆಗೆ. ಕೈಗೆ ಸಿಕ್ಕಿದ್ದನ್ನು ಹಿಡಿದು ಕುಸಿದು ಕೂತರು. ಕೂತದ್ದು ಆ ಗಾಲಿಕುರ್ಚಿಯಲ್ಲಿ.

ಮಾವ ನನ್ನ ಕಿವಿಯ ಬಳಿ ಬಗ್ಗಿದರು. "ಪಾಪ, ಆ ತಾಯಿಗೆ ನಡೆಯಕ್ಕೆ ಆಗಲ್ವಾ ಅಮ್ಮಾವ್ರೇ?"

ಉತ್ತರಕ್ಕೆ ಕಾಯಲಿಲ್ಲ. ಹಿಂದೆ ಹೋಗಿ ಕುರ್ಚಿಯ ಹಿಡಿ ಹಿಡಿದು, ಇಳಿಜಾರಿನಲ್ಲಿ ಜೋಪಾನವಾಗಿ, ಸಣ್ಣ ಹೆಜ್ಜೆ ಇಡುತ್ತ ಗೇಟಿನವರೆಗೆ ಮಗಳನ್ನು ತಳ್ಳಿಕೊಂಡು ಹೋದರು. ನಾನು ಕುರ್ಚಿಗೊಂದು ಕೈ, ಅವರ ಬೆನ್ನಿಗೊಂದು ಕೈ ಕಾಯುತ್ತ ಜೊತೆಗೆ ನಡೆದೆ. ಅತ್ತಿಗೆ ಇಳಿಯುತ್ತೇನೆ ಎನ್ನಲಿಲ್ಲ. ನಗುತ್ತಿದ್ದರೋ ಅಳುತ್ತಿದ್ದರೋ, ಸೆರಗು ಮುಖದ ಮೇಲಿತ್ತು.

ಗೇಟಿನ ಬಳಿ ಅತ್ತಿಗೆ ಇಳಿದು, ಬೆಲ್ಟನ್ನು ಕುರ್ಚಿಯಿಂದ ಕಳಚಿ ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

"ಇದು ಬೇಡ ಬಿಡು. ಕುರ್ಚಿ ಇರ್ಲಿ ನಿಮ್ಮನೇಲಿ, ಅಪ್ಪನೇ ತಳ್ಳಲಿ."

ಮೇಡಂಗೆ ಫೋನ್ ಮಾಡಿ ಕೇಳಿದೆ. ತಳ್ಳಬಹುದು, ಆದರೆ ಖಾಲಿ ಕುರ್ಚಿ ಮುಂದಕ್ಕೆ ಜಾರುತ್ತದೆ, ಯಾರಾದರೂ ಕೂತಿರಲೇಬೇಕು, ಜೊತೆಗೆ ನಾನೂ ಇರಬೇಕು ಎಂದರು. ಕೂರುವ ಕೆಲಸಕ್ಕೆ ನನ್ನ ಮಗಳು ಅಂದೇ ಸೇರಿಕೊಂಡಿದ್ದಾಳೆ.