ಘಾಟಿಯ ಕೆಳಗೆ ಮೂರು ದಿನ

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸಿಗೆ ಆಗ ಅರವತ್ತಮೂರು ವರ್ಷ. ಶಾಲೆಯೊಂದರಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬಡಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಗಂಡ ತೀರಿಹೋಗಿ ಎರಡು ವರ್ಷವಾಗಿತ್ತು. ಒಂಬತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದ್ದರೂ ನಮ್ಮ ಮಾತು ಮಳೆ, ಕಸದ ಗಾಡಿ, ಕೌನ್ಸಿಲ್‌ನವರ ಸೋಮಾರಿತನ ಇಷ್ಟನ್ನು ದಾಟಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಬೇಸಿಗೆಯ ಶನಿವಾರ ಅವರು ಬಾಗಿಲು ತಟ್ಟಿ, ಒಳಗೆ ಬನ್ನಿ ಎಂದರೂ ಬಾರದೆ, ಹೊಸ್ತಿಲಲ್ಲೇ ನಿಂತು ಕೇಳಿದರು:

"ಅಕ್ಟೋಬರ್‌ನಲ್ಲಿ ಹಿಮಾಲಯಕ್ಕೆ ಬರ್ತೀರಾ?"

ಅವರು ಆಡಿದ್ದು ಇಂಗ್ಲಿಷು. ನನಗೆ ನೆನಪಿರುವುದು ಕನ್ನಡದಲ್ಲಿ.

ವಿಷಯ ಇಷ್ಟೇ. ಪತ್ರಿಕೆಯ ಜಾಹೀರಾತು ನೋಡಿ ಅವರು ಮತ್ತು ಅವರ ತಂಗಿ ಗಢವಾಲದ ಬೆಟ್ಟಗಳಲ್ಲಿ ಎಂಟು ದಿನ ನಡೆಯುವ ಒಂದು ಪ್ರವಾಸಕ್ಕೆ ಹೆಸರು ಕೊಟ್ಟಿದ್ದರು. ತಂಗಿಯ ಮಂಡಿ ಕೈಕೊಟ್ಟಿತ್ತು. ಒಂದು ಜಾಗ ಖಾಲಿ ಇತ್ತು.

"ನಿಮಗೆ ಅಲ್ಲಿಯ ಭಾಷೆ ಗೊತ್ತಿರುತ್ತಲ್ಲ," ಎಂದರು.

ನಾನು ಹುಟ್ಟಿ ಬೆಳೆದದ್ದು ಕುಂದಾಪುರದಲ್ಲಿ, ಸಮುದ್ರದ ಪಕ್ಕ. ಹಿಮ ಎಂಬುದನ್ನು ಮೊದಲು ನೋಡಿದ್ದೇ ಲಂಡನ್ನಿಗೆ ಬಂದ ಮೇಲೆ. ನನಗೆ ಬರುವ ಹಿಂದಿ ಹೈಸ್ಕೂಲಿನದು. ಕಲಿತದ್ದರಲ್ಲಿ ಅರ್ಧಕ್ಕರ್ಧ ಮರೆತಿತ್ತು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ. ಬಂದ ಮಾತು ಬೇರೆ. "ಮನೆಯಲ್ಲಿ ಕೇಳಿ ಹೇಳ್ತೇನೆ," ಎಂದುಬಿಟ್ಟೆ.

ಯಾಕೆ ಹಾಗೆಂದೆ ಎಂದು ಆಮೇಲೆ ಯೋಚಿಸಿದ್ದೇನೆ. ಅಷ್ಟು ವರ್ಷಗಳಲ್ಲಿ ನಾನು ಊರಿಗೆ ಹೋದದ್ದೆಲ್ಲ ಯಾರದೋ ಮದುವೆಗೆ, ತೀರಿಕೊಂಡ ಯಾರದೋ ಬೊಜ್ಜಕ್ಕೆ. ಉಳಿದ ದಿನ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ, ಮನೆ, ಮಗಳ ಶಾಲೆ. ನನಗೆ ಬೇಕು ಅಂತ ಎಲ್ಲಿಗೂ ಹೋದದ್ದಿಲ್ಲ. ಬೇಕಾ ಅಂತ ಯಾರೂ ಕೇಳಿರಲೂ ಇಲ್ಲ.

ನನ್ನ ಗಂಡ ಹೋಟೆಲಿನ ಅಡುಗೆಮನೆ ನೋಡಿಕೊಳ್ಳುವವರು. ಕೆಲಸ ಮುಗಿಸಿ ಬಂದು ಊಟಕ್ಕೆ ಕೂತಾಗ ಹೇಳಿದೆ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಮನೆ ಮೆಟ್ಲ್ ಹತ್ತುಕೇ ಏದುಸ್ರ್ ಬತ್ತ್ ನಿಂಗೆ. ಹಿಮಾಲಯ ಹತ್ತುದಾ ಮಾರಾಯ್ತಿ?"

ಹದಿನಾಲ್ಕರ ಮಗಳು ಟಿವಿಯಿಂದ ತಲೆ ಎತ್ತದೆ, "ಮಮ್, ಯೂ ಹೇಟ್ ದ ಕೋಲ್ಡ್," ಎಂದಳು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೂ ತಟ್ಟೆ ತೊಳೆಯುವಾಗ ಗಂಡ ಪಕ್ಕಕ್ಕೆ ಬಂದು ನಿಂತರು. "ಹೋಯಿ ಬಾ. ಮಗ್ಳನ್ನ ನಾನ್ ಕಂಡ್ಕಂತೆ."

ಆ ಬೇಸಿಗೆಯಿಡೀ ನಾನೂ ಪಕ್ಕದ ಮನೆಯವರೂ ಭಾನುವಾರ ಬೆಳಿಗ್ಗೆ ಹಾರ್ಸೆಂಡನ್ ಹಿಲ್ ಹತ್ತಿದೆವು. ಗುಡ್ಡ ಎನ್ನುವಷ್ಟು ದೊಡ್ಡದಲ್ಲ. ಮೇಲೆ ನಿಂತರೆ ಗೋದಾಮುಗಳ ತಗಡಿನ ಮಾಡು ಕಾಣುತ್ತದೆ. ಬೆನ್ನಿಗೆ ಭಾರ ಹಾಕಿ ನಡೆಯಬೇಕೆಂದು ಪ್ರವಾಸದವರು ಬರೆದಿದ್ದರು. ಸೌತ್‌ಹಾಲಿನಿಂದ ತಂದ ಹತ್ತು ಕಿಲೋ ಅಕ್ಕಿಯ ಮೂಟೆಯನ್ನೇ ಚೀಲಕ್ಕೆ ತುರುಕಿ ಹೊತ್ತೆ. ಮೊದಲ ವಾರ ಎರಡು ಕಡೆ ಕೂತೆ. ಆಗಸ್ಟ್ ಮುಗಿಯುವಾಗ ಒಂದೇ ಬೆಳಿಗ್ಗೆ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದೆ. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ನನ್ನ ಕಾಲುಗಳಿಗೆ ಶಕ್ತಿ ಇದೆ ಎಂದು ತಿಳಿಯಿತು. ಪಕ್ಕದ ಮನೆಯವರು ಒಂದು ಬೆಂಚಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ ನನಗಾಗಿ ಕಾಯುತ್ತಿದ್ದರು.

ನಾವು ಒಟ್ಟು ಎಂಟು ಜನ, ಎಲ್ಲರೂ ಲಂಡನ್ ಸುತ್ತಮುತ್ತಲಿನವರು. ದಾರಿ ತೋರಿಸುವವನು ಅಲ್ಲಿನವನೇ ಆದ ಐವತ್ತರ ಆಸುಪಾಸಿನ ಗೈಡು. ಮಾತು ಕಡಿಮೆ, ಎಲ್ಲರ ಮುಖವನ್ನೂ ನೋಡುತ್ತಿದ್ದ. ನನ್ನನ್ನು ದೀದಿ ಎಂದೂ, ನನ್ನ ಜೊತೆಯವರನ್ನು ಮಾತಾಜಿ ಎಂದೂ ಕರೆದ. ಡೇರೆ, ಪಾತ್ರೆ ಹೊರಲು ನಾಲ್ಕು ಹೇಸರಗತ್ತೆಗಳು, ಅವುಗಳ ಹಿಂದೆ ಬೀಡಿ ಸೇದುತ್ತ ಬರುವ ಒಬ್ಬ ಮುದುಕ. ಆರನೇ ದಿನ ಎರಡು ಶಿಖರಗಳ ನಡುವಿನ ಘಾಟಿ ದಾಟಿ ಆ ಕಡೆಗೆ ಇಳಿಯಬೇಕು. ಎಲ್ಲರ ಬಾಯಲ್ಲೂ ಅದೇ ಮಾತು.

ಎರಡನೇ ದಿನ ಒಂದು ಹಳ್ಳಿಯ ಗದ್ದೆಯಲ್ಲಿ ಡೇರೆ ಹಾಕಿದೆವು. ಕಲ್ಲುಚಪ್ಪಡಿಯ ಮಾಡಿನ ಮನೆಗಳು, ಕೆಳಗೆ ದನ, ಮೇಲೆ ಜನ. ಮಾಡಿನ ಮೇಲೆ ಒಣಹಾಕಿದ್ದ ತೆನೆಯನ್ನು ಕೈಯಲ್ಲಿ ಹಿಡಿದು ನೋಡಿದರೆ, ರಾಗಿ. ಗದ್ದೆಯ ಒಡತಿ ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಿರಬೇಕು. ಅವಳು ಮಂಡುವಾ ಎಂದಳು, ನಾನು ರಾಗಿ ಎಂದೆ, ಇಬ್ಬರೂ ತಲೆಯಾಡಿಸಿದೆವು. ಅಷ್ಟೇ ಮಾತು; ಬೆಳಿಗ್ಗೆ ಬೇಗ ಹೊರಡಬೇಕಾಯಿತು.

ಮೂರನೇ ದಿನ ಓಕ್ ಮರಗಳ ಕಾಡು, ಆಮೇಲೆ ದೇವದಾರು. ನಾಲ್ಕನೇ ದಿನ ಮರಗಳೇ ಮುಗಿದು ಹಳದಿಯಾದ ಹುಲ್ಲುಗಾವಲು. ನಾನು ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ, ಗೈಡಿನ ಹಿಂದೆಯೇ ನಡೆಯುತ್ತಿದ್ದೆ. ಒಂದು ಸಲ ಅವನು ತಿರುಗಿ, "ದೀದಿ, ನೀವು ಬೆಟ್ಟದವರಾ?" ಎಂದ. ಅಷ್ಟು ಖುಷಿಯಾದದ್ದು ನನಗೆ ನೆನಪಿಲ್ಲ.

ಆ ಸಂಜೆ ಬಿಸಿನೀರು ಕೇಳಲು ಹೋದವಳು ಬಂಡೆಯೊಂದರ ಹಿಂದೆ ಪಕ್ಕದ ಮನೆಯವರನ್ನು ಕಂಡೆ. ಮಂಡಿಯೂರಿ ವಾಂತಿ ಮಾಡುತ್ತಿದ್ದರು. ಬೆನ್ನು ನೀವಿದೆ.

"ನಿನ್ನೆಯಿಂದ ತಲೆನೋವು," ಎಂದರು. "ಮಾತ್ರೆ ತಗೊಂಡಿದ್ದೇನೆ. ಗೈಡಿಗೆ ಹೇಳಬೇಡ. ಹೇಳಿದರೆ ಕೆಳಗೆ ಕಳಿಸಿಬಿಡ್ತಾನೆ."

ಎತ್ತರ ಮೈಗೆ ಒಗ್ಗದೆ ತಲೆನೋವು ಬಂದರೆ ಕೂಡಲೇ ಹೇಳಬೇಕು, ಮುಚ್ಚಿಟ್ಟು ಮೇಲೆ ಹತ್ತಿದರೆ ಜೀವಕ್ಕೇ ಅಪಾಯ ಎಂದು ಗೈಡು ಪ್ರತಿ ಬೆಳಿಗ್ಗೆ ಹೇಳುತ್ತಿದ್ದ, ಅದನ್ನು ಇಂಗ್ಲಿಷಿನಲ್ಲಿ ಸರಿಯಾಗಿ ತಿಳಿಸುವಂತೆ ನನಗೇ ಹೇಳಿದ್ದ. ನಾನು ಹೇಳಲಿಲ್ಲ. ಅವರು ಬೇಡಿಕೊಂಡರೆಂದು ಹೇಳಲಿಲ್ಲ ಎಂದು ಬರೆಯಬಹುದು. ಅದು ಪೂರ್ತಿ ನಿಜವಲ್ಲ. ಅವರನ್ನು ಕೆಳಗೆ ಕಳಿಸಿದರೆ ನಾನೂ ಇಳಿಯಬೇಕಾಗುತ್ತದೆ ಎಂಬುದು ಆ ಬಂಡೆಯ ಹಿಂದೆಯೇ ನನ್ನ ತಲೆಗೆ ಬಂದಿತ್ತು.

ಮರುದಿನ ಇನ್ನೂ ಮೇಲಕ್ಕೆ ನಡೆದು, ಘಾಟಿಯ ಬುಡದಲ್ಲಿ ಡೇರೆ ಹಾಕಿದೆವು. ಬಿಳಿಯ ಗೆರೆಯ ಹಾಗೆ ಅದು ಎದುರಿಗೇ ಕಾಣುತ್ತಿತ್ತು. ಚಹಾದ ಲೋಟ ತೆಗೆದುಕೊಳ್ಳಲು ಎದ್ದ ಪಕ್ಕದ ಮನೆಯವರು ವಾಲಿದರು. ಗೈಡು ಲೋಟ ಕೆಳಗಿಟ್ಟು ಹತ್ತಿರ ಬಂದ. ನೆಲದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡೆಯಿರಿ ಎಂದ. ಮೂರು ಹೆಜ್ಜೆ ಇಡುವಷ್ಟರಲ್ಲಿ ಅವರು ಪಕ್ಕಕ್ಕೆ ಬಿದ್ದರು. ಅವನು ಹಿಡಿದುಕೊಂಡ.

"ಯಾವಾಗಿನಿಂದ?" ಎಂದು ನನ್ನನ್ನು ಕೇಳಿದ.

"ಇವತ್ತು ಬೆಳಿಗ್ಗೆಯಿಂದ," ಎಂದೆ.

ಅವನು ನನ್ನನ್ನೇ ನೋಡಿದ. ನನಗೆ ತಡೆಯಲಾಗಲಿಲ್ಲ. "ಇಲ್ಲ. ಮೊನ್ನೆಯಿಂದ. ನಿನ್ನೆ ಸಂಜೆ ವಾಂತಿ ಆಗಿತ್ತು. ನನಗೆ ಗೊತ್ತಿತ್ತು."

"ನಿನ್ನೆ ಹೇಳಿದ್ದರೆ," ಎಂದ ಅವನು, ಸಿಟ್ಟಿಲ್ಲದೆ, "ಅಲ್ಲೇ ಒಂದು ದಿನ ನಿಲ್ಲುತ್ತಿದ್ದೆವು. ಒಂದು ದಿನ ಹೆಚ್ಚಿಗೆ ಇಟ್ಟುಕೊಂಡಿದ್ದೇ ಅದಕ್ಕೆ. ಬಹುಶಃ ಮಾತಾಜಿ ದಾಟುತ್ತಿದ್ದರು. ಈಗ ಆಗುವುದಿಲ್ಲ. ಬೆಳಕಿರುವಾಗಲೇ ಇಳಿಯಬೇಕು."

ಮುದುಕನನ್ನೂ ಒಂದು ಹೇಸರಗತ್ತೆಯನ್ನೂ ಅವರ ಜೊತೆ ಕಳಿಸುವುದೆಂದಾಯಿತು. ನೀವು ಬೇಕಾದರೆ ನಮ್ಮ ಜೊತೆ ದಾಟಬಹುದು ಎಂದು ಅವನು ನನಗೆ ಹೇಳಿದ. ನಾನು ಘಾಟಿಯ ಕಡೆ ನೋಡಿದೆ. ಆಮೇಲೆ ನನ್ನ ಚೀಲ ಕಟ್ಟಿದೆ. ದೊಡ್ಡ ಮನಸ್ಸಿನಿಂದೇನಲ್ಲ. ಕಟ್ಟುವಾಗ ತುಂಬ ಸಿಟ್ಟು ಬಂದಿತ್ತು; ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಗೊತ್ತಾಗುತ್ತಿರಲಿಲ್ಲ.

ಹತ್ತಿದ್ದನ್ನೆಲ್ಲ ಇಳಿದೆವು. ಆ ರಾತ್ರಿ ಕಾಡಿನಂಚಿನ ಕುರುಬರ ಗುಡಿಸಲಲ್ಲಿ ಕಳೆದು, ಮರುದಿನ ಮಧ್ಯಾಹ್ನ ರಾಗಿ ಒಣಹಾಕಿದ್ದ ಆ ಹಳ್ಳಿಗೆ ಬಂದೆವು. ಕೆಳಗಿಳಿಯುತ್ತಿದ್ದಂತೆ ಅವರು ಚೇತರಿಸಿಕೊಂಡಿದ್ದರು. ಹಳ್ಳಿ ತಲುಪುವಾಗ ಹೇಸರಗತ್ತೆಯಿಂದ ಇಳಿದು ನಡೆಯುತ್ತಿದ್ದರು, ಹಸಿವು ಎನ್ನುತ್ತಿದ್ದರು. ಅದನ್ನು ಕಂಡು ನನ್ನ ಸಿಟ್ಟು ಇನ್ನಷ್ಟು ಏರಿತು.

ಗದ್ದೆಯ ಒಡತಿ ನಮಗೆ ಮೇಲಿನ ಕೋಣೆ ಬಿಟ್ಟುಕೊಟ್ಟಳು. ಒಲೆಯ ಮೇಲೆ ಕುದಿಯುತ್ತಿದ್ದದ್ದರ ವಾಸನೆ ಮೆಟ್ಟಿಲಲ್ಲೇ ನನ್ನನ್ನು ಹಿಡಿದು ನಿಲ್ಲಿಸಿತು. ಹುರುಳಿ. ಮೂಗು ಮುಚ್ಚಿದರೂ ಗೊತ್ತಾಗುವ, ನಮ್ಮಲ್ಲಿ ಕಟ್ಟಿನ ಸಾರು ಮಾಡುವ ಹುರುಳಿ. ಎರಡು ಬಟ್ಟಲು ಕುಡಿದೆ. ಪಕ್ಕದ ಮನೆಯವರೂ ಕುಡಿದು, ಏನಿದು ಎಂದರು. ಕುದುರೆಗೆ ಹಾಕುವ ಕಾಳು ಎಂದೆ, ಬೇಕೆಂದೇ. ಅವರು ಇನ್ನೊಂದು ಬಟ್ಟಲು ಕೇಳಿದರು.

ಮರುದಿನ ಒಡತಿ ಕುಡುಗೋಲು ಹಿಡಿದು ಹೊರಟಾಗ ನಾನೂ ಹಿಂದೆ ಹೋದೆ. ಅವಳು ಇಳಿಜಾರಿನಲ್ಲಿ ಹುಲ್ಲು ಕೊಯ್ದು ಕಟ್ಟು ಮಾಡಿದಳು. ಒಂದನ್ನು ನನ್ನ ಬೆನ್ನಿಗೂ ಕಟ್ಟಿದಳು. ದಾರಿಯಲ್ಲಿ ಕೂತಾಗ ಕೇಳಿದಳು:

"ಆ ಮುದುಕಿ ನಿನ್ನ ಅತ್ತೆಯಾ?"

"ಅಲ್ಲ. ಪಕ್ಕದ ಮನೆಯವರು."

"ಪಕ್ಕದ ಮನೆಯವರಿಗಾಗಿ ಇಳಿದು ಬಂದೆಯಾ?" ಅವಳು ನಕ್ಕಳು. ಆಮೇಲೆ ಘಾಟಿಯ ದಿಕ್ಕಿಗೆ ಕುಡುಗೋಲು ತೋರಿಸಿದಳು. "ನನ್ನ ತವರು ಆ ಕಡೆ. ಮದುವೆಯಾಗಿ ಬಂದದ್ದು ಅದರ ಮೇಲಿಂದಲೇ. ಹದಿನಾರು ವರ್ಷ ನನಗೆ. ಮಂಜು ಬಿದ್ದಿತ್ತು, ಅಣ್ಣ ಬೆನ್ನ ಮೇಲೆ ಹೊತ್ತುಕೊಂಡು ಬಂದ. ಮೇಲೆ ನಿಂತಾಗ ಎರಡೂ ಕಡೆ ಕಾಣುತ್ತದೆ, ಭುಲಿ."

ಭುಲಿ ಎಂದರೆ ತಂಗಿ ಎಂದು ಮುದುಕ ಹೇಳಿಕೊಟ್ಟಿದ್ದ.

"ಮತ್ತೆ ಹೋಗಲಿಲ್ಲವಾ?"

"ಈಗ ಬಸ್ಸಿದೆ. ಸುತ್ತಿಕೊಂಡು ಹೋಗುತ್ತದೆ. ಅಣ್ಣ ಇಲ್ಲ." ಹಗ್ಗ ಬಿಗಿದುಕೊಂಡು ಎದ್ದಳು. "ಏಳು, ಎಮ್ಮೆ ಕೂಗುತ್ತಿರುತ್ತದೆ."

ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದಾಗ ಪಕ್ಕದ ಮನೆಯವರು ಬಿಸಿಲಿನಲ್ಲಿ ಕೂತು ಹುರುಳಿ ಆರಿಸುತ್ತಿದ್ದರು. ಕಲ್ಲು ಒಂದು ಕಡೆ, ಕಾಳು ಒಂದು ಕಡೆ. ನಾನು ಹೊರೆ ಇಳಿಸಿ ಅವರ ಪಕ್ಕ ಕೂತೆ.

"ನನ್ನ ಮೇಲೆ ಸಿಟ್ಟಿದೆ ನಿನಗೆ," ಎಂದರು.

"ಇದೆ."

"ಇರಲಿ. ತಪ್ಪು ನನ್ನದು."

ಗೈಡು ಹಿಂದಿಯಲ್ಲಿ ಹೇಳಿದ್ದನ್ನು ನಾನು ಅವರಿಗೆ ಅರ್ಧ ಮಾತ್ರ ತಿಳಿಸಿದ್ದೆ. ಆಗ ಪೂರ್ತಿ ಹೇಳಿದೆ. ಮೊದಲೇ ಹೇಳಿದ್ದರೆ ಒಂದು ದಿನ ನಿಂತು ಇಬ್ಬರೂ ದಾಟಬಹುದಿತ್ತು ಎಂದು. ನಾನು ಸುಮ್ಮನಿದ್ದದ್ದು ಅವರಿಗಾಗಿ ಅಲ್ಲ, ನನಗಾಗಿ ಎಂದು. ಅವರು ಬಹಳ ಹೊತ್ತು ಕಾಳು ಆರಿಸಿದರು.

"ನನಗೆ ಏನಾದರೂ ಆಗಿದ್ದರೆ?" ಎಂದು ಕೊನೆಗೆ ಕೇಳಿದರು.

"ಅದನ್ನೇ ಯೋಚಿಸ್ತಿದ್ದೇನೆ, ಮೊನ್ನೆಯಿಂದ."

ನನಗೆ ಅಳು ಬಂತು. ಅವರು ಮಣ್ಣಾದ ಕೈಯಿಂದಲೇ ನನ್ನ ಕೈ ಹಿಡಿದರು. ಒಡತಿ ಕೆಳಗಿನ ಕೊಟ್ಟಿಗೆಯಿಂದ ಇಣುಕಿ ನೋಡಿ, ಹಾಲು ಕರೆಯಲು ಮತ್ತೆ ಒಳಗೆ ಹೋದಳು.

ಹಳ್ಳಿಗೆ ಬಂದ ಮೂರನೇ ದಿನ ಮುದುಕ ನಮ್ಮನ್ನು ರಸ್ತೆಗೆ ಇಳಿಸಿ, ಸುತ್ತಿಕೊಂಡು ಘಾಟಿಯ ಆ ಕಡೆಯ ಪೇಟೆಗೆ ಹೋಗುವ ಜೀಪು ಹತ್ತಿಸಿದ. ಉಳಿದವರು ಘಾಟಿ ದಾಟಿ ಅಲ್ಲಿ ನಮ್ಮನ್ನು ಬಂದು ಸೇರಿದರು. ಮುಖವೆಲ್ಲ ಸುಟ್ಟು ಕೆಂಪಾಗಿತ್ತು. ಗೈಡು ಎಲ್ಲರ ಕೈ ಕುಲುಕಿ, ನಮ್ಮಿಬ್ಬರಿಗೆ ಕೈ ಮುಗಿದ.

ಲಂಡನ್ನಿಗೆ ಮರಳಿದ ಮೇಲೆ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ ಗುಂಪಿನವರೊಬ್ಬರ ಫ್ಲ್ಯಾಟಿನಲ್ಲಿ ಎಲ್ಲರೂ ಫೋಟೋ ನೋಡಲು ಸೇರಿದೆವು. ಘಾಟಿಯ ಮೇಲೆ ನಿಂತು ತೆಗೆದ ಚಿತ್ರಗಳು ಕೈಯಿಂದ ಕೈಗೆ ಬಂದವು. ನನಗೆ ಹೊಟ್ಟೆಕಿಚ್ಚಾಯಿತು, ಇಲ್ಲ ಎನ್ನಲಾರೆ. ಆ ಮನೆಯಾತ ಒಳ್ಳೆಯವನು. "ಎತ್ತರಕ್ಕೆ ಯಾರ ದೇಹ ಹೇಗೋ ಯಾರಿಗೆ ಗೊತ್ತು. ನಿಮ್ಮಿಬ್ಬರ ಅದೃಷ್ಟ ಕೆಟ್ಟಿತ್ತು," ಎಂದ.

"ಅದೃಷ್ಟ ಅಲ್ಲ," ಎಂದೆ ನಾನು. "ಇವರಿಗೆ ಹುಷಾರಿಲ್ಲ ಅಂತ ನನಗೆ ಹಿಂದಿನ ದಿನವೇ ಗೊತ್ತಿತ್ತು. ಹೇಳಲಿಲ್ಲ."

ಯಾರೋ ಬಿಸ್ಕತ್ತಿನ ತಟ್ಟೆ ಮುಂದೆ ಮಾಡಿದರು.

ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದ ಮನೆಯವರು ಕಿಟಕಿಯ ಕಡೆ ಕೂತಿದ್ದರು. "ಅಲ್ಲಿ ಅದನ್ನು ಹೇಳುವ ಅಗತ್ಯ ಇರಲಿಲ್ಲ," ಎಂದರು.

"ನನಗಿತ್ತು."

ಬುಧವಾರ ಊಟಕ್ಕೆ ಬಾ ಎಂದರು. ನಿನ್ನ ಗಂಡನನ್ನೂ ಕರೆದುಕೊಂಡು ಬಾ, ಆತನಿಗೆ ಬೆಟ್ಟದಲ್ಲಿ ಆದದ್ದನ್ನು, ನನ್ನ ತಪ್ಪನ್ನೂ ಸೇರಿಸಿ, ನಾನೇ ಹೇಳಬೇಕು ಎಂದರು. ಏನು ಅಡುಗೆ ಮಾಡುತ್ತೀರಿ ಎಂದು ಕೇಳಿದೆ. ಅವರು ಇನ್ನೂ ಯೋಚಿಸುತ್ತಿದ್ದಾಗ ನಮ್ಮ ಸ್ಟಾಪ್ ಬಂತು, ಮಳೆ ಹನಿಯತೊಡಗಿತ್ತು, ಇಬ್ಬರೂ ಅವರ ಒಂದೇ ಕೊಡೆಯಲ್ಲಿ ಮನೆಯವರೆಗೆ ನಡೆದೆವು.