ಎಡಗೈಯ ಆಶೀರ್ವಾದ

ಮದರಾಸಿನಲ್ಲಿ ವೈದ್ಯಕೀಯ ಓದುವಾಗ ನಾನು ರೋಗಿಗಳಿಗಿಂತ ಹೆಚ್ಚಾಗಿ ನೋಡಿದ್ದು ಸಹಪಾಠಿಗಳ ಬೆನ್ನು. ಹಾಸಿಗೆಯ ಪಕ್ಕ ಪ್ರೊಫೆಸರು, ಅವರ ಸುತ್ತ ಸಹಾಯಕರು, ಅವರ ಹಿಂದೆ ದೊಡ್ಡ ಮನೆತನದ ಹುಡುಗರು, ಕೊನೆಯ ಸಾಲಿನಲ್ಲಿ ಬೆಟ್ಟದಿಂದ ಇಳಿದು ಬಂದ ನಾನು. ಮುಂದಿನಿಂದ ‘ಲಿವರ್ ಊದಿದೆ’ ಎಂಬ ಮಾತು ಬಂದರೆ ಊದಿದೆ ಎಂದುಕೊಳ್ಳುವುದು. ಊದಿದ ಲಿವರ್ ಕೈಗೆ ಹೇಗೆ ಸಿಗುತ್ತದೆ ಎಂದು ಯಾರಾದರೂ ಕೇಳಿದ್ದರೆ, ದೇವರಾಣೆ ನನಗೆ ಗೊತ್ತಿರಲಿಲ್ಲ. ಉದಕಮಂಡಲದ ಬಳಿಯ ನಮ್ಮ ಹಟ್ಟಿ ತುಮ್ಮನಟ್ಟಿಯಲ್ಲಿ ಕಾಲೇಜು ಕಂಡವನು ನಾನೊಬ್ಬನೇ. ರಜೆಗೆ ಊರಿಗೆ ಹೋದರೆ ಕೆಮ್ಮುವವರು, ಕುಂಟುವವರು ಎಲ್ಲ ಬಾಗಿಲಿಗೆ ಬರುತ್ತಿದ್ದರು. ನಾನು ಮುಖ ಬಿಗಿದುಕೊಂಡು “ಬಿಸಿನೀರು ಕುಡಿಯಿರಿ” ಎನ್ನುತ್ತಿದ್ದೆ.

ಈ ಓದಿನ ಕ್ರಮವನ್ನೇ ತಿದ್ದಬೇಕೆಂದು ಹಟ ಹಿಡಿದವರು ಉದಕಮಂಡಲದ ಒಂದು ಸಣ್ಣ ಆಸ್ಪತ್ರೆಯ ಡಾಕ್ಟರ್ ದೊರೆ. ಕಡೆಯ ವರ್ಷದ ಇಬ್ಬರನ್ನು ಆರು ತಿಂಗಳು ತಮ್ಮ ಬಳಿ ಬಿಡಿ ಎಂದು ಕಾಲೇಜಿನವರ ಬೆನ್ನು ಬಿದ್ದರು. ಅವರ ನಿಯಮ ಒಂದೇ. ಬಾಗಿಲಿಗೆ ಬಂದಾಗಿನಿಂದ ಗುಣವಾಗಿ ಮನೆಗೆ ಹೋಗುವವರೆಗೆ ಒಬ್ಬ ರೋಗಿ ಒಬ್ಬ ವಿದ್ಯಾರ್ಥಿಯ ಪಾಲು. ಮಾತಾಡಿಸುವವನೂ ಅವನೇ, ಮುಟ್ಟಿ ನೋಡುವವನೂ ಅವನೇ, ತಪ್ಪು ಹೇಳಿ ದೊರೆಯಿಂದ ಬೈಸಿಕೊಳ್ಳುವವನೂ ಅವನೇ. ಕಾಲೇಜಿನವರು ಒಲ್ಲದ ಮನಸ್ಸಿನಿಂದ ಒಪ್ಪಿ ಒಂದು ಕೊಕ್ಕೆ ಇಟ್ಟರು. ಕೊನೆಯಲ್ಲಿ ಮದರಾಸಿನ ಪ್ರೊಫೆಸರೊಬ್ಬರು ಬಂದು ನೋಡುತ್ತಾರೆ. ಅವರು ಸೈ ಎಂದರೆ ಆ ತಿಂಗಳುಗಳು ಓದಿನ ಲೆಕ್ಕಕ್ಕೆ, ಇಲ್ಲವಾದರೆ ಇನ್ನೊಂದು ವರ್ಷ ಓದಬೇಕು. ಇನ್ನೊಂದು ವರ್ಷ ನನ್ನನ್ನು ಓದಿಸುವ ಶಕ್ತಿ ನಮ್ಮ ಮನೆಗಿರಲಿಲ್ಲ. ಅವರು ಅಲ್ಲವೆಂದರೆ ನನ್ನ ಡಾಕ್ಟರಿಕೆ ಅಲ್ಲಿಗೇ ಮುಗಿಯುತ್ತಿತ್ತು. ಆದರೂ ಹೋದೆ. ಬೆನ್ನು ನೋಡಿ ಸಾಕಾಗಿತ್ತು.

ನನ್ನ ಜೊತೆ ಬಂದವನು ತಂಜಾವೂರಿನ ಗೆಳೆಯ. ಎರಡು ಸ್ವೆಟರಿನ ಮೇಲೆ ಕೋಟು ಹಾಕಿ, ಅದರ ಮೇಲೆ ಕಂಬಳಿ ಹೊದ್ದು, “ಡೇ, ಇದು ಊರೋ, ಐಸ್ ಪೆಟ್ಟಿಗೆಯೋ?” ಎಂದು ದಿನವೂ ಕೇಳುವವನು.

ಮೊದಮೊದಲು ನಾನು ಮದರಾಸಿನ ಪ್ರೊಫೆಸರರ ಹಾಗೆ ಎದೆ ಸೆಟೆಸಿ ನಿಂತು ಪ್ರಶ್ನೆ ಹಾಕುತ್ತಿದ್ದೆ. ನಮ್ಮ ಜನ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಯಾವುದೋ ಗುಂಗಿನಲ್ಲಿ, ಮನೆಯ ಅಭ್ಯಾಸದಂತೆ, ಒಬ್ಬ ಮುದುಕನ ಮುಂದೆ ತಲೆ ಬಗ್ಗಿಸಿಬಿಟ್ಟೆ. ನಮ್ಮ ಬಡಗರಲ್ಲಿ ಕಿರಿಯರು ಹಿರಿಯರನ್ನು ಕಂಡರೆ ತಲೆ ಬಗ್ಗಿಸಬೇಕು; ಹಿರಿಯರು ತಲೆಯ ಮೇಲೆ ಬಲಗೈ ಇಟ್ಟು ‘ಬದುಕು, ಬದುಕು’ ಎಂದು ಹರಸಬೇಕು. ಮುದುಕ ಹರಸಿದ. ಆಮೇಲೆ ಮಾತಿಗೆ ಕೂತವನನ್ನು ಎಬ್ಬಿಸುವುದೇ ಕಷ್ಟವಾಯಿತು! ಅಂದಿನಿಂದ ಹಿರಿಯರು ಯಾರೇ ಬರಲಿ, ಮೊದಲು ತಲೆ ಬಗ್ಗಿಸಿದೆ. ದೊರೆ ತಡೆಯಲಿಲ್ಲ. ಗೆಳೆಯ ಮಾತ್ರ “ಡಾಕ್ಟರು ನೀನೋ, ಅವರೋ?” ಎಂದು ಕೆಣಕುತ್ತಿದ್ದ.

ಆರು ತಿಂಗಳು ಮುಗಿಯುತ್ತ ಬಂದಾಗ ಮದರಾಸಿನ ಪ್ರೊಫೆಸರು ಬಂದರು. ಅಂದು ಬೆಳಿಗ್ಗೆ ಬಂದ ಹೊಸ ರೋಗಿಯನ್ನು ತಮ್ಮೆದುರೇ ಪರೀಕ್ಷಿಸಬೇಕೆಂದರು. ನನ್ನ ಪಾಲಿಗೆ ಬಂದವಳು ಕೋತಗಿರಿ ಕಡೆಯ ಒಬ್ಬ ಮುದುಕಿ. ಬಿಳಿಯ ಬಟ್ಟೆ ಮೈತುಂಬ ಹೊದ್ದಿದ್ದಳು. ಜೊತೆಗೆ ಸೊಸೆ.

“ಮಾಮಿಗೆ ಕೆಮ್ಮು. ತಾನೇ ಆಸ್ಪತ್ರೆಗೆ ಹೋಗೋಣ ಅಂದಳು,” ಎಂದಳು ಸೊಸೆ.

ನಾನು ತಲೆ ಬಗ್ಗಿಸಿದೆ. ಮುದುಕಿ ಸ್ವಲ್ಪ ತಡೆದು ಕೈ ಇಟ್ಟಳು. “ಬದುಕು, ಬದುಕು. ಯಾವ ಹಟ್ಟಿ ಕೂಸು ನೀ?”

“ನಿಲ್ಲಿಸು!” ಎಂದರು ಪ್ರೊಫೆಸರು. “ಇದು ಆಸ್ಪತ್ರೆಯೋ, ಮಠವೋ? ರೋಗಿಯ ಎದೆ ನೋಡಬೇಕಾದವನು ತಲೆ ತಗ್ಗಿಸಿ ನಿಂತಿದ್ದೀಯಲ್ಲ!”

ದೊರೆಯ ಮುಖ ಕೆಂಪಾಯಿತು. ಆದರೆ ನನ್ನ ಮನಸ್ಸು ಪ್ರೊಫೆಸರರ ಮಾತಿನ ಮೇಲಿರಲಿಲ್ಲ, ತಲೆಯ ಮೇಲೆ ಬಿದ್ದ ಕೈಯ ಮೇಲಿತ್ತು.

“ಸರ್, ಕೆಮ್ಮು ಆಮೇಲೆ ನೋಡೋಣ. ಇವರ ಬಲಭುಜಕ್ಕೆ ಪೆಟ್ಟಾಗಿರಬೇಕು.”

“ಭುಜವನ್ನು ನೀನು ನೋಡಿಯೇ ಇಲ್ಲ. ಮೊದಲೇ ಗೊತ್ತಿರುವ ಹೆಂಗಸು, ಅಲ್ಲವೇ?”

ಅದೊಂದು ಮಾತು ನನ್ನನ್ನು ಮುಗಿಸಬಹುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಸೊಸೆ ಕೂಗಿದಳು: “ಮಾಮಿ! ಎಡಗೈ ಇಟ್ಟೆಯಾ? ಮಂದಿ ಮಗನ ತಲೆಗೆ ಎಡಗೈಯಾ? ನಿನಗೆ ಏನಾಗಿದೆ?”

“ಏನೂ ಇಲ್ಲೆ, ಸುಮ್ಮನಿರು.”

“ಬಲಗೈ ತೋರಿಸು!”

ಮುದುಕಿ ತೋರಿಸಲಿಲ್ಲ. ಸೊಸೆಯೇ ಬಟ್ಟೆ ಸರಿಸಿದಳು. ದುಂಡಗಿರಬೇಕಾದ ಭುಜ ಚಪ್ಪಟೆಯಾಗಿ, ಮೂಳೆ ಎದ್ದು ನಿಂತಿತ್ತು; ಕೀಲು ತಪ್ಪಿತ್ತು. ಸೊಸೆಯ ಮಾತನ್ನು ನಾನು ಪ್ರೊಫೆಸರರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಹಿರಿಯರು ಎಡಗೈಯಿಂದ ಹರಸುವುದು ನಮ್ಮಲ್ಲಿ ಇಲ್ಲವೇ ಇಲ್ಲ, ಬಲಗೈ ಏಳದಿದ್ದರೆ ಮಾತ್ರ ಹೀಗೆ ಎಂದೆ. ಅವರು ತಾವೇ ಬಾಗಿ ಭುಜ ಮುಟ್ಟಿ ನೋಡಿದರು.

ಅಷ್ಟರಲ್ಲಿ ನಿಜ ಹೊರಬಿತ್ತು. ಸೊಸೆ ಬೇಡವೆಂದರೂ ಮುದುಕಿ ಹಿಂದಿನ ಸಂಜೆ ಕದ್ದುಮುಚ್ಚಿ ಆಲೂಗಡ್ಡೆ ಹೊಲಕ್ಕೆ ಹೋಗಿ, ಇಳಿಜಾರಿನಲ್ಲಿ ಜಾರಿ ಬಿದ್ದಿದ್ದಳು. “ಹೇಳಿದ್ರೆ ಇವಳು ಎನ್ನ ಒಲೆ ಮುಂದೆ ಕೂರಿಸ್ತಾಳೆ. ಕೆಮ್ಮಿನ ಔಷಧಿ ಒಳಗೆ ಹೋದ್ರೆ ಕೈಗೂ ಇಳೀತದೆ ಅಂತ ಬಂದೆ.”

ದೊರೆ ಗಟ್ಟಿಯಾಗಿ ನಕ್ಕುಬಿಟ್ಟರು. ಪ್ರೊಫೆಸರು ನಗಲಿಲ್ಲ. “ಕೀಲು ಕೂರಿಸು,” ಎಂದರು ನನಗೆ. ಮೊಣಕೈ ಮಡಿಸಿ, ಮೆಲ್ಲಗೆ ಹೊರಕ್ಕೆ ತಿರುಗಿಸಿ, ಮಾತಾಡಿಸುತ್ತ ಮಾತಾಡಿಸುತ್ತ ಒಳಕ್ಕೆ ತಂದೆ. ಟಕ್ಕೆಂದು ಕೀಲು ಕೂತಿತು. ಮುದುಕಿ “ಅವ್ವೇ!” ಎಂದವಳು, ಮರುಕ್ಷಣ ಕಣ್ಣರಳಿಸಿ ಆ ಕೈಯನ್ನೇ ನನ್ನ ತಲೆಗೆ ಎತ್ತಲು ಹೊರಟಳು. ಹಿಡಿದು ನಿಲ್ಲಿಸಿದೆ.

“ಹೆತ್ತೆ,” ಎಂದೆ, ನಮ್ಮಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, “ಮೂರು ವಾರ ಯಾರಿಗೂ ಕೈ ಎತ್ತಬೇಡ.”

“ಮೊಮ್ಮಕ್ಕಳು ತಲೆ ಬಗ್ಗಿಸಿದ್ರೆ?”

“ಬಾಯಲ್ಲೇ ಹರಸು.”

“ನಾನು ಕಾವಲಿರ್ತೇನೆ,” ಎಂದಳು ಸೊಸೆ. ಮುದುಕಿಗೆ ಅದೇ ದೊಡ್ಡ ನೋವು.

ಗೆಳೆಯನ ಸರದಿಯೂ ಚೆನ್ನಾಗಿಯೇ ನಡೆಯಿತು. ಅವನ ಹರಕುಮುರುಕು ಬಡಗ ಮಾತಿಗೆ ರೋಗಿ ನಕ್ಕೂ ನಕ್ಕೂ ಹೊಟ್ಟೆನೋವಿನ ಜಾಗ ತಾನೇ ತೋರಿಸಿದ. ಮಧ್ಯಾಹ್ನ ಪ್ರೊಫೆಸರು ನಮ್ಮಿಬ್ಬರನ್ನೂ ಕರೆದರು. “ನಾನು ಇಷ್ಟು ವರ್ಷ ಕಲಿಸಿದ ರೀತಿಯಲ್ಲಿ ಆ ಹೆಂಗಸು ಕೆಮ್ಮಿನ ಔಷಧಿ ಕುಡಿದು ಮನೆಗೆ ಹೋಗಿರುತ್ತಿದ್ದಳು. ನಿಮ್ಮ ತಿಂಗಳುಗಳು ಲೆಕ್ಕಕ್ಕೆ ಸೇರುತ್ತವೆ. ಮುಂದಿನ ವರ್ಷ ನಾಲ್ವರನ್ನು ಕಳಿಸುತ್ತೇನೆ. ಆದರೆ ಬರುವವರಿಗೆ ಮೊದಲು ಇಲ್ಲಿನ ಮಾತು, ರೀತಿ ಬರಬೇಕು. ಅದನ್ನು ಇವನು ಕಲಿಸಲಿ,” ಎಂದು ನನ್ನತ್ತ ಕೈ ತೋರಿಸಿದರು.

ಹೊರಗೆ ಬಂದದ್ದೇ ಗೆಳೆಯ ಕಂಬಳಿ ಬೀಸಿ ಕುಣಿದ. “ಡೇ, ಪಾಸಾಗುವ ಮೊದಲೇ ಪ್ರೊಫೆಸರ್ ಆದೆಯಲ್ಲೋ!”

ಸಂಜೆ ತುಮ್ಮನಟ್ಟಿಗೆ ನಡೆದೇ ಹೋದೆ, ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ಅಪ್ಪ ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು. ಇನ್ನೊಂದು ವರ್ಷದ ಓದು ತಪ್ಪಿತು ಎಂದೆ.

“ಹಂಗಾದ್ರೆ ಡಾಕ್ಟರ್ ಆದೆಯಾ?”

“ಇನ್ನೂ ಪರೀಕ್ಷೆ ಇದೆ ಅಪ್ಪ. ಈಗ ಮೇಷ್ಟ್ರಾಗಿದ್ದೇನೆ. ಮದರಾಸಿನ ಹುಡುಗರಿಗೆ ನಮ್ಮ ಮಾತು ಕಲಿಸಬೇಕಂತೆ.”

ಅಪ್ಪ ಎಮ್ಮೆಯ ಬೆನ್ನು ತಟ್ಟಿದರು. “ನಮ್ಮ ಮಾತಿಗೂ ಕಾಲೇಜಾ?” ಎಂದರು. ಆಮೇಲೆ ದಾರಿಯಲ್ಲಿ ಸಿಕ್ಕವರಿಗೆಲ್ಲ, ನಾನು ಬೇಡ ಬೇಡವೆಂದರೂ, ಅದನ್ನೇ ಹೇಳುತ್ತ ನಡೆದರು.