ಹೆಗಲ ಮೇಲೆ ಕುದುರೆಯ ತಲೆ

ಬೇಯಿಸಿದ ಹುರುಳಿಯ ಬುಟ್ಟಿ ಹಿಡಿದು ಮೊದಲ ಸಲ ಹತ್ತಿರ ಹೋದ ನನ್ನ ಹೆಗಲ ಮೇಲೆ ಕುದುರೆ ತನ್ನ ಭಾರವಾದ ತಲೆಯನ್ನು ಇಟ್ಟು ನಿಂತುಬಿಟ್ಟಿತು. ಕಚ್ಚುವ ಮುನ್ಸೂಚನೆಯೋ, ಕಾಯಿಲೆಯೋ ತಿಳಿಯಲಿಲ್ಲ. ಕೂಗಿದರೆ ಬೆದರೀತೆಂದು ಉಸಿರು ಬಿಗಿಹಿಡಿದೆ.

ಐವತ್ತರ ದಶಕದ ಮಾತು. ಮಲ್ಲಿಪಟ್ಟಣದಲ್ಲಿ ವೈದ್ಯರಾಗಿದ್ದ ನಮ್ಮ ಯಜಮಾನರು ಸುತ್ತಲ ಹಳ್ಳಿಗಳಿಗೆ ಹೋಗಿಬರಲು ಆ ಕುದುರೆಯನ್ನು ಕೊಂಡಿದ್ದರು. ಬಂದಾಗಿನಿಂದ ಅದು ಸರಿಯಾಗಿ ಮೇವು ಮುಟ್ಟಿರಲಿಲ್ಲ. ನಿಂತೇ ಇದ್ದರೆ ಯಾಕೆ ಮಲಗಲಿಲ್ಲವೆಂದು, ಮಲಗಿದರೆ ಏನಾಯಿತೋ ಎಂದು ಇಬ್ಬರಿಗೂ ದಿಗಿಲು. ಕೊನೆಗೆ ಅದನ್ನು ಮಾರಿದ ಗೌಡರನ್ನೇ ಕರೆತರಲು ಅವರು ರಾಮನಾಥಪುರಕ್ಕೆ ಹೋಗಿದ್ದರು.

ಇಬ್ಬರೂ ಬಂದದ್ದು ಆ ಹೊತ್ತಿಗೇ. ನನ್ನನ್ನು ಕಂಡ ಗೌಡರು ಕೊಟ್ಟಿಗೆಯ ಬಾಗಿಲಲ್ಲೇ ನಿಂತು ಟವೆಲಿನಿಂದ ಕಣ್ಣೊರೆಸಿಕೊಂಡರು.

“ನಮ್ಮನೇವ್ಳು ಇಂಗೇ ಎಗಲು ಕೊಡೋಳು ಕಣವ್ವಾ. ಅವ್ಳು ತೀರ್ಕಂಡ್ಮ್ಯಾಲೆ ಇದು ದಿನಾ ಮನೆ ಬಾಗ್ಲ ಮುಂದೆ ನಿಂತ್ಕಂಡು ಕಾಯೋದು. ನೋಡಕ್ಕಾಗ್ದೆ ಮಾರ್ಬುಟ್ಟೆ.”

“ಈಗ ನಾನೇನು ಮಾಡಲಿ?” ಎಂದೆ.

“ಅಲ್ಲಾಡ್ಬ್ಯಾಡಿ, ಅಷ್ಟೆಯಾ.”

ಸ್ವಲ್ಪ ಹೊತ್ತಿಗೆ ಕುದುರೆ ತಲೆ ತಗ್ಗಿಸಿ ಬುಟ್ಟಿಗೆ ಬಾಯಿ ಹಾಕಿತು. ಗೌಡರು ಅದರ ಕಣ್ಣಿಗೆ ಬೀಳದ ಹಾಗೆ, ಕಾಫಿಯನ್ನೂ ಕುಡಿಯದೆ ಹೊರಟುಹೋದರು.

ಅದು ನನ್ನನ್ನು ಒಪ್ಪಿಕೊಂಡಿತೋ, ಗೌಡರ ಮನೆಯ ಆ ತಾಯಿಯೆಂದೇ ಭ್ರಮಿಸಿತೋ, ಇಂದಿಗೂ ನನಗೆ ಗೊತ್ತಿಲ್ಲ. ಅದು ಬದುಕಿರುವವರೆಗೂ ಬೆಳಗಾದರೆ ಹೋಗಿ, ಯಾರ ಪರವಾಗಿ ಎಂದು ತಿಳಿಯದೆಯೇ, ಹೆಗಲು ಕೊಟ್ಟು ನಿಲ್ಲುತ್ತಿದ್ದೆ.